ಒಂಬೈನೂರ ಐವತ್ತೇಳು ಗಂಟೆ

ಕಂಪನಿಯ ಹಳೇ ಯಜಮಾನರು ತೀರಿಕೊಂಡು ವಾರವಾಗಿತ್ತು. ಊಟದ ಹಾಲಿನ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ಎದುರಿಗೆ ಅವರ ಫೋಟೋ ಇಟ್ಟು, ನಲವತ್ತು ಜನ ನೌಕರರು ಎರಡು ನಿಮಿಷದ ಮೌನಕ್ಕೆ ಎದ್ದು ನಿಂತಿದ್ದರು. ಮೊದಲನೆಯ ನಿಮಿಷ ಚೆನ್ನಾಗಿಯೇ ಕಳೆಯಿತು. ಎರಡನೆಯ ನಿಮಿಷದಲ್ಲಿ ನಮ್ಮ ಫ್ಯೂಸನ ಪ್ಯಾಂಟು ಕೂಗತೊಡಗಿತು.

ಪೀಂ, ಪೀಂ, ಪೀಂ. ಸದ್ದು ಎಡ ಮೊಣಕಾಲಿನ ಕೆಳಗಿನಿಂದ. ಮುಂದಿನ ಸಾಲಿನಲ್ಲಿದ್ದ ಫ್ಯೂಸ ಬಗ್ಗಿ, ಬಟ್ಟೆಯ ಮೇಲಿಂದಲೇ ಅದನ್ನು ಒತ್ತಿ ಹಿಡಿದ. ನಿಲ್ಲಲಿಲ್ಲ. ಹಿಂದಿನವರಿಗೆ ಕಂಡದ್ದು ಇಷ್ಟು: ಇಪ್ಪತ್ತೆರಡು ವರ್ಷ ದುಡಿದ ಹಳೇ ನೌಕರ ಯಜಮಾನರ ಫೋಟೋದೆದುರು ದುಃಖ ತಾಳಲಾರದೆ ಬಗ್ಗಿದ್ದಾನೆ. ಅವರೂ ಬಗ್ಗಿದರು. ಅವರ ಹಿಂದಿನವರು ಇದು ಕಾರ್ಯಕ್ರಮದ ಭಾಗ ಅಂದುಕೊಂಡು ಬಗ್ಗಿದರು. ತೀರಿಕೊಂಡವರ ಮಗ, ಅಂದರೆ ಚಿಕ್ಕ ಯಜಮಾನ, ಏನು ಸದ್ದು ಎಂದು ತಿರುಗಿ ನೋಡಿದಾಗ ಹಾಲಿನ ತುಂಬ ಬರೀ ಬೆನ್ನುಗಳು.

ಇದನ್ನು ನನಗೆ ಹೇಳಿದವನು ಫ್ಯೂಸನೇ, ಅದೂ ನಗದೆ. ಅವನ ಪ್ರಕಾರ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಪ್ಯಾಡು ತಿರುಗಿಕೊಂಡಿತ್ತು, ಯಂತ್ರ ಕೂಗಿತು. ಕೂಗಲಿ ಅಂತಲೇ ಅವನು ಅದನ್ನು ಮಾಡಿದ್ದ.

ಫ್ಯೂಸ ನನ್ನ ಸಹಪಾಠಿ. ಕಾನ್ವೆಂಟಿನಲ್ಲಿ ಒಂದೇ ಬೆಂಚು, ಒಂದೇ ರೂಲುದೊಣ್ಣೆ. ಏಳನೇ ಕ್ಲಾಸಿನಲ್ಲಿ ಅವನು ಗಂಟೆಯ ಸ್ವಿಚ್ಚಿನೊಳಗೆ ಕಂಪಾಸಿನ ಮುಳ್ಳು ತೂರಿಸಿ ಇಡೀ ಶಾಲೆಯನ್ನು ಕತ್ತಲು ಮಾಡಿದ್ದ. ಹೆಸರು ಅಂದೇ ಅಂಟಿಕೊಂಡಿತು. ನಮಗೆಲ್ಲ ಶಾಲೆಯ ಸಿಸ್ಟರುಗಳ ಭಯವಾದರೆ, ಅವನಿಗೆ ಮನೆಯ ಸಿಸ್ಟರಿನ ಭಯ. ತಾಯಿ ಇಲ್ಲದ ಮನೆಯಲ್ಲಿ ಅವನಿಗಿಂತ ಆರು ವರ್ಷ ದೊಡ್ಡವಳಾದ ಅಕ್ಕನೇ ಎಲ್ಲ. ಅವಳು ಓದು ಬಿಟ್ಟು ಕೆಲಸಕ್ಕೆ ಸೇರಿದ್ದರಿಂದ ಇವನು ಓದಿದ. ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡಿ ಬರೆದುಕೊಳ್ಳುವುದು ಅವಳ ಕೆಲಸ. ಹಾಗಾಗಿ ಊರಿಗೆಲ್ಲ ಅವಳು ಮೀಟರಕ್ಕ. ಮದುವೆಯ ವಿಷಯದಲ್ಲಿ ಇಬ್ಬರೂ ಬಾಗಿಲ ಮುಂದೆ ಎದುರಾದವರ ಹಾಗೆ, "ನೀನು ಮೊದಲು ಹೋಗು", "ಇಲ್ಲ, ನೀನು ಮೊದಲು" ಅನ್ನುತ್ತ ನಿಂತರು, ಬಾಗಿಲು ಮುಚ್ಚಿಕೊಂಡಿತು. ಲಿಫ್ಟಿಲ್ಲದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು, ಒಬ್ಬರನ್ನೊಬ್ಬರು ಗದರಿಸಿಕೊಂಡು ಇದ್ದರು.

ಫ್ಯೂಸನ ಕೆಲಸ ಮುರಿದ ಮೂಳೆಗೆ ಕರೆಂಟು ಕೊಡುವ ಯಂತ್ರ ಮಾಡುವುದು. ಸಾಧಾರಣವಾಗಿ ಮುರಿದ ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ. ಕೆಲವು ಕೂಡುವುದಿಲ್ಲ, ಎರಡು ತುದಿಗಳೂ ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಅಕ್ಕಪಕ್ಕದಲ್ಲೇ ಇದ್ದು ಸುಮ್ಮನಿರುತ್ತವೆ. ಅಂಥ ಕಡೆ ಕಾಲಿನ ಆಚೆಗೊಂದು ಈಚೆಗೊಂದು ಅಂಗೈಯಗಲದ ಪ್ಯಾಡು ಕಟ್ಟುತ್ತಾರೆ. ಒಳಗೆ ತಾಮ್ರದ ತಂತಿಯ ಸುರುಳಿ. ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಪೆಟ್ಟಿಗೆ ಆ ಸುರುಳಿಗಳಿಗೆ ಬಿಟ್ಟುಬಿಟ್ಟು ಕರೆಂಟು ಕಳಿಸುತ್ತದೆ; ಅದರಿಂದ ಮೂಳೆಯೊಳಗೆ ಸಣ್ಣ ಮಿಡಿತ ಹುಟ್ಟಿ, ಬೆಳೆಯಲು ಮರೆತದ್ದಕ್ಕೆ ಬೆಳೆಯುವ ನೆನಪಾಗಬೇಕು. ಕಟ್ಟಿಕೊಂಡವರಿಗೆ ನೋವಿಲ್ಲ, ಬಿಸಿಯಿಲ್ಲ, ಏನೂ ಗೊತ್ತಾಗುವುದಿಲ್ಲ.

ಎರಡೂ ಪ್ಯಾಡುಗಳ ಮುಖ ಒಂದೇ ದಿಕ್ಕಿಗಿರಬೇಕು. ಯಾಕೆ ಅಂತ ಅವನು ನನಗೊಮ್ಮೆ ಹೇಳಿದ್ದ. "ಮಂಚ ಸಾಗಿಸೋ ಇಬ್ಬರ ಥರ. ಒಬ್ಬ ನೂಕಬೇಕು, ಇನ್ನೊಬ್ಬ ಎಳೀಬೇಕು. ಇಬ್ಬರೂ ಎದುರುಬದುರು ನಿಂತು ನೂಕಿದ್ರೆ ಇಬ್ಬರಿಗೂ ಬೆವರು ಬರುತ್ತೆ, ಮಂಚ ಇದ್ದಲ್ಲೇ ಇರುತ್ತೆ." ಒಂದು ಪ್ಯಾಡು ಮಗುಚಿಕೊಂಡರೆ ಸರಿಯಾಗಿ ನಡುವೆ, ಮೂಳೆ ಮುರಿದಿರುವ ಜಾಗದಲ್ಲೇ, ಕೂಡಬೇಕಾದದ್ದು ಕಳೆದುಹೋಗುತ್ತದೆ. ಅದಕ್ಕೇ ಅವನು ಪ್ಯಾಡಿನಲ್ಲೇ ಪೀಂ ಅನ್ನುವ ಎಚ್ಚರಿಕೆ ಇಟ್ಟದ್ದು. ಯಾವ ಹೊಸ ಮಾದರಿಯಾದರೂ ಮೊದಲು ಒಂದು ವಾರ ತನ್ನ ಗಟ್ಟಿಮುಟ್ಟಾದ ಕಾಲಿಗೇ ಕಟ್ಟಿಕೊಂಡು ಓಡಾಡುವುದು ಅವನ ಪದ್ಧತಿ. "ಇಪ್ಪತ್ತೆರಡು ವರ್ಷದಿಂದ ನಿನ್ನ ಕಾಲಿಗೆ ಗೊಬ್ಬರ ಹಾಕ್ತಿದೀಯ, ಒಂದಿಂಚೂ ಬೆಳೆದಿಲ್ವಲ್ಲೋ" ಅಂತ ಕುಳ್ಳನಾದ ಅವನನ್ನು ನಾನು ಛೇಡಿಸುತ್ತಿದ್ದೆ. ಆ ದಿನ ಸಭೆಗೆ ಬರುವ ಅವಸರದಲ್ಲಿ ಮೆಟ್ಟಿಲೇರುವಾಗ ಒಂದು ಪ್ಯಾಡು ಮಗುಚಿತ್ತು.

ಮರುದಿನ ಚಿಕ್ಕ ಯಜಮಾನ ಕರೆಸಿದ.

"ಆ ಪೀಂಪೀಂ ತೆಗೆದುಬಿಡಿ ಸರ್."

"ತೆಗೆದ್ರೆ ತಿರುಗಿರೋದು ಗೊತ್ತಾಗೋದು ಹೇಗೆ?"

"ಪೇಷೆಂಟುಗಳ ಕಾಗದ ಓದಿ. ಬಸ್ಸಲ್ಲಿ ಕೂಗುತ್ತೆ, ಮಗು ಎದ್ದುಬಿಡುತ್ತೆ, ಲೈಬ್ರರಿಯಿಂದ ಆಚೆ ಕಳಿಸಿದ್ರು. ನಿಮ್ಮದೇ ಎಲ್ಲಿ ಕೂಗಿತು ನೋಡಿದ್ರಲ್ಲ. ಒಂದು ಬಾಣದ ಗುರುತು ಹಾಕಿ. ಬಾಣ ಎಲ್ಲರಿಗೂ ಅರ್ಥ ಆಗುತ್ತೆ."

ಹಳೇ ಯಜಮಾನರ ಹತ್ತಿರ ಫ್ಯೂಸ ಅರ್ಧ ದಿನವಾದರೂ ವಾದ ಮಾಡುತ್ತಿದ್ದ. ಈಗ ಮಾಡಲಿಲ್ಲ. ಆ ಬೆನ್ನುಗಳು ಅವನ ಕಣ್ಣಿಗೆ ಕಟ್ಟಿದ್ದವು. ಎಚ್ಚರಿಕೆಯ ತಂತಿಗಳನ್ನು ಕಿತ್ತ. ಬಾಣವನ್ನು ಪ್ಯಾಡಿನ ಮೇಲೆ ಹಾಕಿದರೆ ಅದಕ್ಕೆ ತೊಡಿಸುವ ಬಟ್ಟೆಯ ಚೀಲದೊಳಗೆ ಕಾಣುವುದಿಲ್ಲವೆಂದು ಚೀಲದ ಮೇಲೇ ಅಚ್ಚು ಹಾಕಿಸಿದ. ಪ್ಯಾಡಿನ ಎರಡು ಮುಖಗಳೂ ಒಂದೇ ಅಚ್ಚಿನವು, ಅವಳಿಜವಳಿ. ಬೆವರಿನ ವಾಸನೆಯ ದೂರೂ ಬಂದಿದ್ದರಿಂದ ಚೀಲವನ್ನು ಕಳಚಿ ತೊಳೆಯುವಂತೆ ಮಾಡಿದ. ಇದು ಅವನದೇ ಯೋಚನೆ, ಇದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಮಾರನೇ ವರ್ಷ ಮೀಟರಕ್ಕ ಬಿದ್ದಳು.

ನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಮೀಟರು ಬರೆದುಕೊಂಡು ಇಳಿಯುತ್ತಿದ್ದಾಗ, ಯಾರೋ ಸಾಬೂನು ನೀರು ಚೆಲ್ಲಿ ಒರೆಸದೆ ಬಿಟ್ಟಿದ್ದ ಮೆಟ್ಟಿಲು. ಬಲ ಮೊಣಕಾಲಿನ ಕೆಳಗಿನ ಮೂಳೆ ಚರ್ಮ ಸೀಳಿ ಹೊರಗೆ ಬಂತು. ಅದರೊಳಗೆ ಮೆಟ್ಟಿಲಿನ ಕೊಳೆ ಹೋಗಿ, ಕೀವಾಗಿ, ಎರಡು ಸಲ ಆಪರೇಷನ್ನಾಗಿ, ಕಂಬಿ ಹಾಕಿ, ತೆಗೆದು, ಮತ್ತೆ ಹಾಕಿ ಆರು ತಿಂಗಳಾಯಿತು. ಮೂಳೆ ಕೂಡಲಿಲ್ಲ. ಮೂಳೆ ಡಾಕ್ಟರು ಹೆಚ್ಚು ಮಾತಿನವರಲ್ಲ. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಇನ್ನು ನಾಲ್ಕು ತಿಂಗಳು ನೋಡೋಣ. ನಿಮ್ಮ ತಮ್ಮನ ಯಂತ್ರವೇ ಇದೆಯಲ್ಲ, ದಿನಕ್ಕೆ ಎಂಟು ಗಂಟೆ ಕಟ್ಟಿ. ಅಷ್ಟರಲ್ಲಿ ಕೂಡದಿದ್ರೆ ಮೊಣಕಾಲಿನ ಕೆಳಗೆ ತೆಗೀಬೇಕಾಗುತ್ತೆ. ಕೀವು ಮೇಲಕ್ಕೆ ಹತ್ತೋಕೆ ಬಿಡೋ ಹಾಗಿಲ್ಲ" ಅಂದರು.

ಫ್ಯೂಸ ಹೊಸ ಸೆಟ್ಟೊಂದನ್ನು ತಾನೇ ಆರಿಸಿದ. ಪರೀಕ್ಷೆಗೆಂದು ಪ್ಯಾಡುಗಳ ನಡುವೆ ಒಂದು ಪುಟ್ಟ ಸುರುಳಿ ಇಟ್ಟರೆ ಅವನ ಮೇಜಿನ ಪರದೆಯ ಮೇಲೆ ಅಲೆ ಏಳುತ್ತದೆ. ಅಲೆ ಚೆನ್ನಾಗಿ ಎದ್ದಿತು. ಮನೆಗೆ ತಂದು ಅಕ್ಕನ ಕಾಲಿಗೆ ತಾನೇ ಕಟ್ಟಿದ. ಆ ಮೊದಲ ದಿನ ಎಲ್ಲ ಸರಿಯಾಗಿತ್ತು. ಅದೊಂದು ಅವನಿಗೆ ಖಂಡಿತವಾಗಿ ಗೊತ್ತು.

ಮೀಟರಕ್ಕ ಅದನ್ನು ನೌಕರಿಯ ಹಾಗೆ ಮಾಡಿದಳು. ಬೆಳಿಗ್ಗೆ ಹತ್ತಕ್ಕೆ ಪ್ಯಾಡು ಕಟ್ಟಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತರೆ ಸಂಜೆ ಆರಕ್ಕೇ ಬಿಚ್ಚುವುದು. "ಆಫೀಸ್ ಟೈಮಲ್ಲಿ ಬಂದಿದೀಯ" ಅಂತ ನನ್ನನ್ನು ಗದರಿಸಿಯೇ ಕಾಫಿ ಮಾಡಿಕೊಳ್ಳಲು ಹೇಳುತ್ತಿದ್ದಳು. ಪೆಟ್ಟಿಗೆಯಲ್ಲಿ ಹಸಿರು ದೀಪ, ಪಕ್ಕದಲ್ಲಿ ಇಷ್ಟು ಗಂಟೆ ಆಯಿತೆಂದು ತೋರಿಸುವ ಅಂಕಿ. ಮೂವತ್ತು ವರ್ಷ ಬೇರೆಯವರ ಅಂಕಿ ಬರೆದವಳು ಈಗ ತನ್ನದನ್ನು ಬರೆದುಕೊಂಡಳು. ದಿನಾ ಸಂಜೆ ತಮ್ಮ ಬಂದ ಕೂಡಲೇ ವರದಿ.

"ನೂರ ಅರವತ್ತು ಕಣೋ."

"ಸರಿಯಾಗಿದೆ. ಇಪ್ಪತ್ತು ದಿನ."

"ಏನೂ ಆಗ್ತಿರೋ ಹಾಗೆ ಅನ್ಸಲ್ಲ."

"ಅನ್ಸಬಾರದು ಅಂತಲೇ ಮಾಡಿರೋದು ಅಕ್ಕ."

"ಒಳ್ಳೇ ಕೆಲಸ ಹಿಡಿದೆ ಬಿಡು. ಏನೂ ಅನ್ಸದೇ ಇರೋದನ್ನ ಮಾಡೋಕೆ ಇಷ್ಟು ಓದಬೇಕಾ?"

ಭಾನುವಾರ ಅವಳು ಚೀಲಗಳನ್ನು ಕಳಚಿ, ಒಂದು ಕಾಲಿನ ಮೇಲೆ ನಿಂತು ತೊಳೆದು, ಕಿಟಕಿಯ ಹಗ್ಗಕ್ಕೆ ಹಾಕುತ್ತಿದ್ದಳು. ಒಣಗಿದ ಮೇಲೆ ಪ್ಯಾಡುಗಳನ್ನು ಮತ್ತೆ ತೂರಿಸುತ್ತಿದ್ದಳು. ಒಂದು ಭಾನುವಾರ ನಾನೂ ಇದ್ದೆ. ಫ್ಯೂಸ ಅಡುಗೆಮನೆಯಿಂದಲೇ ಕೇಳಿದ: "ಬಾಣ ಮೇಲಕ್ಕಿದೆಯಾ?"

"ಮೇಲಕ್ಕೇ ಇದೆ. ಎರಡೂ ಮೇಲಕ್ಕೇ. ಎಷ್ಟು ಸಲ ಕೇಳ್ತೀಯ? ಮೀಟರು ತಲೆಕೆಳಗಾಗಿ ಓದಿದೋಳು ಅಲ್ಲ ನಾನು."

ಬಾಣ ಮೇಲಕ್ಕೇ ಇತ್ತು. ಚೀಲದ ಬಾಣ.

ನೂರಿಪ್ಪತ್ತನೆಯ ದಿನ ಎಕ್ಸ್‌ರೇ. ಆಸ್ಪತ್ರೆಯ ಕ್ಯೂನಲ್ಲಿ ಮೂರು ಗಂಟೆ ಹೋದದ್ದಕ್ಕೆ ಅವಳು ಟೆಕ್ನಿಷಿಯನ್ನನ್ನು ತರಾಟೆಗೆ ತಗೊಂಡಳು: "ಒಂಬೈನೂರ ಅರವತ್ತಾಗಬೇಕಿತ್ತು, ನಿಮ್ಮಿಂದ ಒಂಬೈನೂರ ಐವತ್ತೇಳಕ್ಕೇ ನಿಂತಿತು." ಡಾಕ್ಟರು ಹಾಳೆಯನ್ನು ಬೆಳಕಿಗೆ ಹಿಡಿದರು. ಹಿಂದಿನ ಹಾಳೆಯನ್ನೂ ಪಕ್ಕದಲ್ಲಿ ಹಿಡಿದರು. ಎರಡರಲ್ಲಿ ಯಾವುದು ಹಳೆಯದು ಎಂದು ಮೂಲೆಯ ತಾರೀಕು ನೋಡಿಯೇ ಹೇಳಬೇಕಿತ್ತು.

ಮುಂದಿನ ಬುಧವಾರ ಬೆಳಿಗ್ಗೆ ಕಾಲು ತೆಗೆದರು. ನಾನೂ ಫ್ಯೂಸನೂ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದೆವು. ಸುಣ್ಣ ಬಳಿದ ಗೋಡೆಗೆ ತಲೆ ಒರಗಿಸಿದವರ ಎಣ್ಣೆಯ ಗುರುತು ಸಾಲಾಗಿತ್ತು. ಅವನು ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಎದುರಿನ ಗಡಿಯಾರ ನೋಡುತ್ತಿದ್ದ. ಒಂದೇ ಮಾತಾಡಿದ: "ಒಂದು ದಿನವೂ ತಪ್ಪಿಸಲಿಲ್ಲ ಕಣೋ." ನನಗೆ ತಮಾಷೆಯ ಮಾತು ಯಾವಾಗಲೂ ನಾಲಗೆ ತುದಿಯಲ್ಲಿರುತ್ತದೆ ಅಂತ ಹೆಸರು. ಅವತ್ತು ನಾಲಗೆ ಇತ್ತು, ತುದಿ ಇರಲಿಲ್ಲ.

ಮನೆಗೆ ಬಂದ ಮೀಟರಕ್ಕನಿಗಾಗಿ ನೆಲಮಹಡಿಯವರು ಮನೆ ಅದಲುಬದಲು ಮಾಡಿಕೊಟ್ಟರು. ಎರಡು ಊರುಗೋಲು ಬಂದವು. "ಎರಡಿತ್ತು, ಈಗ ಮುಕ್ಕಾಲಾಯ್ತು" ಅಂತ ಅವಳೇ ಅಂದಳು. ನನಗಿಂತ ಮೊದಲು ಅಂದಳು, ನಾನು ಅನ್ನುವ ಸ್ಥಿತಿಯಲ್ಲೂ ಇರಲಿಲ್ಲ. ಆಫೀಸಿನವರು ಅವಳನ್ನು ದೂರು ಕೇಳುವ ಕಿಟಕಿಯಲ್ಲಿ ಕೂರಿಸಿದರು. "ಮೊದಲು ಬೈಸಿಕೊಳ್ಳೋಕೆ ನಾಲ್ಕು ಮಹಡಿ ಹತ್ತಬೇಕಿತ್ತು. ಈಗ ಬೈಯೋರೇ ನಾನಿರೋ ಕಡೆ ಬರ್ತಾರೆ." ಆದರೆ ಅವಳು ಮಾತು ಮುಗಿಸಿ ಮನೆಯ ಕಿಟಕಿಯ ಕಡೆ ಮುಖ ತಿರುಗಿಸಿದಾಗ ಬಹಳ ಹೊತ್ತು ಈಚೆ ತಿರುಗುತ್ತಿರಲಿಲ್ಲ. ಮೂರನೇ ಮಹಡಿಯ ಕಿಟಕಿಯಲ್ಲಿ ಆಕಾಶವಿತ್ತು. ಇಲ್ಲಿನದರಲ್ಲಿ ನಿಂತ ಸ್ಕೂಟರುಗಳು, ಹೋಗಿಬರುವವರ ಕಾಲುಗಳು.

ತಿಂಗಳಾದ ಮೇಲೆ ಫ್ಯೂಸ ಸೆಟ್ಟನ್ನು ಬ್ಯಾಗಿನಲ್ಲಿ ಹಾಕಿಕೊಂಡು ಕಂಪನಿಗೆ ತಗೊಂಡು ಹೋದ. ವಾಪಸು ಬಂದ ಪ್ರತಿ ಸೆಟ್ಟಿನ ಬ್ಯಾಟರಿ ನೋಡಿ, ಅಂಕಿ ಬರೆದುಕೊಂಡು ಕಪಾಟಿನಲ್ಲಿಡುವುದು ನಿಯಮ. ಅಲೆ ನೋಡಬೇಕೆಂದು ನಿಯಮವಿರಲಿಲ್ಲ. ಅವನು ಯಾಕೆ ನೋಡಿದನೋ. ಪ್ಯಾಡು ಕಟ್ಟುವ ಪಟ್ಟಿಗಳು ಅಕ್ಕನ ಕಾಲಿನ ಸುತ್ತಳತೆಗೇ ಮಡಿಕೆ ಬಿದ್ದಿದ್ದವು. ಹಾಗೇ ಮೇಜಿನ ಮೇಲೆ ನಿಲ್ಲಿಸಿ, ಕಾಲಿರಬೇಕಾದ ಜಾಗದಲ್ಲಿ ಪುಟ್ಟ ಸುರುಳಿ ಇಟ್ಟು, ಸ್ವಿಚ್ಚು ಹಾಕಿದ. ಹಸಿರು ದೀಪ ಹೊತ್ತಿತು. ಅಂಕಿ ಓಡಿತು. ಪರದೆಯ ಮೇಲಿನ ಗೆರೆ ನೆಟ್ಟಗೆ ಮಲಗಿತ್ತು.

ಚೀಲಗಳನ್ನು ಕಳಚಿ ನೋಡಿದ. ಎರಡು ಬಾಣಗಳೂ ಮೇಲಕ್ಕೆ. ಎಡಗಡೆಯ ಚೀಲದೊಳಗಿನ ಪ್ಯಾಡು ಮಗುಚಿತ್ತು.

ಯಾವ ಭಾನುವಾರದಿಂದ? ಅದನ್ನು ಹೇಳುವ ಯಾವ ಗುರುತನ್ನೂ ಅವನು ಆ ಯಂತ್ರದಲ್ಲಿ ಇಟ್ಟಿರಲಿಲ್ಲ. ಎರಡನೇ ವಾರವಿರಬಹುದು, ಹದಿನಾರನೇ ವಾರವಿರಬಹುದು. ನಾಲ್ಕು ತಿಂಗಳು ದಿನಾ ಸಂಜೆ ಅವನು ಆ ಕೋಣೆಗೆ ಹಣ್ಣು ತಂದಿದ್ದ, ಪೇಪರು ತಂದಿದ್ದ. ಜೇಬಿನಲ್ಲಿ ಹಿಡಿಸುವ ಆ ಸುರುಳಿಯನ್ನು, ಬ್ಯಾಗಿನಲ್ಲಿ ಹಿಡಿಸುವ ಆ ಪರದೆಯನ್ನು ಒಂದು ಸಲವೂ ತಂದಿರಲಿಲ್ಲ.

ಅವನು ಕಪಾಟು ತೆಗೆದ. ಬಾಣದ ಮಾದರಿಯ ಮೂವತ್ತು ಸೆಟ್ಟುಗಳು ಅಷ್ಟರಲ್ಲಿ ವಾಪಸು ಬಂದಿದ್ದವು. ಎರಡು ದಿನ ಕೂತು ಎಲ್ಲದರ ಅಲೆ ನೋಡಿದ. ಆರರಲ್ಲಿ ಗೆರೆ ಮಲಗಿತ್ತು. ಅಕ್ಕನದು ಸೇರಿ ಏಳು. ಪಟ್ಟಿ ಮಾಡಿಕೊಂಡು ಚಿಕ್ಕ ಯಜಮಾನನ ಕೋಣೆಗೆ ಹೋದ.

ಚಿಕ್ಕ ಯಜಮಾನ ಕೆಟ್ಟವನಲ್ಲ. ಪಟ್ಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದ.

"ನಿಮ್ಮ ಅಕ್ಕನ ವಿಷಯ... ನಂಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಉಳಿದ ಆರು ಜನರದು ಏನಾಯ್ತು? ಡಾಕ್ಟರುಗಳ ಕಾಗದ ಇರುತ್ತಲ್ಲ."

ಇತ್ತು. ಫ್ಯೂಸ ಅದನ್ನೂ ನೋಡಿಯೇ ಬಂದಿದ್ದ. ಆರರಲ್ಲಿ ಐದು ಜನರ ಮೂಳೆ ಕೂಡಿಕೊಂಡಿತ್ತು.

"ಯಂತ್ರ ಉಲ್ಟಾ ಇದ್ದರೂ?"

"ಇದ್ದರೂ."

"ಸರಿಯಾಗಿದ್ದವರಲ್ಲಿ?"

"ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು."

ಚಿಕ್ಕ ಯಜಮಾನ ಲೆಕ್ಕದಲ್ಲಿ ಚುರುಕು. ಅವನ ಮುಖದಲ್ಲಿ ಮೊದಲು ನೆಮ್ಮದಿ ಬಂತು, ಅದರ ಹಿಂದೆಯೇ ನೆಮ್ಮದಿಗಿಂತ ದೊಡ್ಡದೊಂದು ದಿಗಿಲು ಬಂತು. ಉಲ್ಟಾ ಇದ್ದರೂ ಕೂಡುವುದಾದರೆ ನೇರವಾಗಿದ್ದು ಮಾಡುತ್ತಿರುವುದೇನು?

"ಏಳು ಜನ ಅಂದ್ರೆ ತುಂಬ ಕಡಿಮೆ" ಅಂದ. "ಇಷ್ಟರಿಂದ ಏನೂ ಹೇಳೋಕಾಗಲ್ಲ."

"ಆಗಲ್ಲ" ಅಂತ ಫ್ಯೂಸನೂ ಒಪ್ಪಿದ. "ಆದ್ರೆ ಬಾಣದ ಮಾದರಿ ವಾಪಸು ತರಿಸಬೇಕು. ಕಟ್ಟಿಕೊಂಡಿರೋರಿಗೆಲ್ಲ ಕಾಗದ ಬರೀಬೇಕು."

ಕಾಗದ ಹೋಯಿತು. 'ಪ್ಯಾಡುಗಳ ಸ್ಥಾನವನ್ನು ಪರೀಕ್ಷಿಸಿಕೊಳ್ಳಲು ಕೋರಲಾಗಿದೆ' ಅನ್ನುವಂಥ, ಯಾರ ಎದೆಯೂ ಹೊಡೆದುಕೊಳ್ಳದಂಥ ಕಾಗದ. ಪೀಂ ಮತ್ತೆ ಬಂತು. ಫ್ಯೂಸ ಅದನ್ನು ಕಟ್ಟಿಕೊಂಡು ಮತ್ತೆ ಓಡಾಡಿದ. ಆದರೆ ಮನೆಯಲ್ಲಿ ಕಟ್ಟಿಕೊಳ್ಳುತ್ತಿರಲಿಲ್ಲ. ಬಾಗಿಲಾಚೆ ಬಿಚ್ಚಿ ಬ್ಯಾಗಿಗೆ ಹಾಕಿ ಒಳಗೆ ಹೋಗುತ್ತಿದ್ದ. ಅಕ್ಕನಿಗೆ ಹೇಳಿರಲಿಲ್ಲ. ಎರಡು ತಿಂಗಳು ಹೇಳಲಿಲ್ಲ. ಆ ಎರಡು ತಿಂಗಳಲ್ಲಿ ಅವನ ಶರ್ಟುಗಳೆಲ್ಲ ಅವನಿಗಿಂತ ಒಂದು ಸೈಜು ದೊಡ್ಡವಾದವು.

ಕೊನೆಗೆ ಒಂದು ದಿನ ನನಗೆ ಫೋನು ಮಾಡಿ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಭಾನುವಾರ ಬಾ. ನಾನೊಬ್ಬನೇ ಹೇಳೋಕೆ ಹೋದ್ರೆ ಮಧ್ಯದಲ್ಲಿ ನಿಲ್ಲಿಸಿಬಿಡ್ತೀನಿ" ಅಂದ.

ಹೋದೆ. ಊಟವಾಗಿತ್ತು. ಮೀಟರಕ್ಕ ಕುರ್ಚಿಯಲ್ಲಿ ಕೂತು, ಮೊಂಡುಗಾಲಿನ ಮೇಲೆ ತಟ್ಟೆ ಇಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದಳು. ಫ್ಯೂಸ ಎದುರಿನ ಸ್ಟೂಲಿನಲ್ಲಿ ಕೂತು ಹೇಳಿದ. ಮಧ್ಯದಲ್ಲಿ ನಿಲ್ಲಿಸಲಿಲ್ಲ. ಪೀಂ ತೆಗೆದದ್ದು, ಬಾಣ ಹಾಕಿದ್ದು, ಒಳಗೆ ಪ್ಯಾಡು ಮಗುಚಿದ್ದು, ಗೆರೆ ಮಲಗಿದ್ದು. "ನೀನು ತೊಳೆದಿದ್ದು ತಪ್ಪಲ್ಲ. ಪ್ಯಾಡು ಹೇಗೆ ಬೇಕಾದ್ರೂ ಒಳಗೆ ಹೋಗೋ ಹಾಗೆ ನಾನು ಮಾಡಿದ್ದು ತಪ್ಪು. ದಿನಾ ಎದುರಿಗೇ ಇದ್ದು ನೋಡದೇ ಇದ್ದಿದ್ದು ತಪ್ಪು."

ಬಟಾಣಿ ಬಿಡಿಸುವ ಬೆರಳುಗಳು ಯಾವಾಗ ನಿಂತವೋ ನಾನು ಗಮನಿಸಲಿಲ್ಲ.

"ಅಂದ್ರೆ ನಾನು ಸುಮ್ಮನೆ ಕೂತಿದ್ದೆ" ಅಂದಳು.

"ಹೂಂ."

"ನಾಲ್ಕು ತಿಂಗಳು. ಆಫೀಸಿನ ಹಾಗೆ."

"ಹೂಂ ಅಕ್ಕ."

ಅವಳು ನನ್ನ ಕಡೆ ನೋಡಿದಳು. "ನಿನಗೆ ಗೊತ್ತಿತ್ತಾ?" ಮೂರು ದಿನದಿಂದ ಗೊತ್ತು ಅಂದೆ. "ಅದಕ್ಕೇ ಇವತ್ತು ಊಟದಲ್ಲಿ ಒಂದೂ ಜೋಕು ಹೊಡೀಲಿಲ್ಲ" ಅಂದಳು. ಹೊರಗೆ ಯಾರದೋ ಸ್ಕೂಟರು ಸ್ಟಾರ್ಟ್ ಆಗಲೊಲ್ಲದೆ ಕೆಮ್ಮುತ್ತಿತ್ತು. ಅದು ಸ್ಟಾರ್ಟ್ ಆಗಿ ಹೋಗುವವರೆಗೂ ಕಾದಳು.

ಫ್ಯೂಸ ತಲೆ ತಗ್ಗಿಸಿಕೊಂಡಿದ್ದ. ಅವಳು ಬೈಯಲಿ ಅಂತ ಕಾಯುತ್ತಿದ್ದ. ಚಿಕ್ಕಂದಿನಿಂದ ಎಲ್ಲ ತಪ್ಪುಗಳೂ ಅವಳ ಬೈಗುಳದಲ್ಲೇ ಮುಗಿಯುತ್ತಿದ್ದವು, ಆಮೇಲೆ ಊಟಕ್ಕೆ ಕರೆಯುತ್ತಿದ್ದಳು. ಅವಳಿಗೂ ಬೈಯಬೇಕಿತ್ತು. ಆದರೆ ಎಷ್ಟು ಬೈಯಬೇಕು ಅನ್ನುವುದಕ್ಕೆ ಮೊದಲು ಒಂದು ವಿಷಯ ತಿಳಿಯಬೇಕಿತ್ತು. ಮೂವತ್ತು ವರ್ಷ ಅಂಕಿ ನೋಡದೆ ಒಂದು ಬಾಗಿಲೂ ದಾಟದವಳು.

"ಮುಖ ಎತ್ತು" ಅಂದಳು. "ನೀನು ಸುಳ್ಳು ಹೇಳಿದ್ರೆ ನನಗೆ ಗೊತ್ತಾಗುತ್ತೆ. ಅದು ಸರಿಯಾಗಿ ಇದ್ದಿದ್ರೆ, ದಿನಾ ಎಂಟು ಗಂಟೆ, ಒಂದು ದಿನವೂ ಬಿಡದೆ, ಎರಡೂ ಪ್ಯಾಡು ನೆಟ್ಟಗೆ ಇದ್ದಿದ್ರೆ, ನನ್ನ ಕಾಲು ಉಳೀತಿತ್ತಾ?"

ಹೌದು ಅಂದರೆ ಅವಳು ಅವನನ್ನು ಈ ಜನ್ಮದಲ್ಲಿ ಕ್ಷಮಿಸಲಾರಳು. ಇಲ್ಲ ಅಂದರೆ ಕ್ಷಮಿಸುವುದಕ್ಕೇ ಏನೂ ಉಳಿಯುವುದಿಲ್ಲ. ನಾನಾಗಿದ್ದರೆ ಎರಡರಲ್ಲೊಂದು ಅಂದುಬಿಡುತ್ತಿದ್ದೆ. ಫ್ಯೂಸ ತನ್ನ ಮೇಜಿನ ಮುಂದೆ ಕೂತವನಂತೆ ಬಹಳ ಹೊತ್ತು ಯೋಚಿಸಿದ. ತುಟಿಗಳು ಸ್ವಲ್ಪ ಅಲುಗಾಡಿದವು. ಅಕ್ಕನೂ ಸೇರಿ ಏಳರಲ್ಲಿ ಐದು, ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಅಂತ ಇನ್ನೊಂದು ಸಲ ಗುಣಿಸಿ ನೋಡಿರಬೇಕು. ಆಮೇಲೆ ಅಕ್ಕನ ಮುಖ ನೋಡಿ ಹೇಳಿದ:

"ಗೊತ್ತಿಲ್ಲ ಅಕ್ಕ. ಅದು ಅಂಥಾ ಒಳ್ಳೇ ಯಂತ್ರ ಏನಲ್ಲ."